ರುಜು ಅಥವಾ ಹೆಬ್ಬೆಟ್ಟು

ಪ್ರಶಸ್ತಿಯ ಅರ್ಜಿ. ತಲೆಯಲ್ಲೇ ಬರೆದುಂಟು:
ರೋಗಿಯೇ ಸ್ವಹಸ್ತದಿಂದ ತುಂಬತಕ್ಕದ್ದು.
ಆಟಿ ತಿಂಗಳಿಂದ ದೀಪಾವಳಿಯ ತನಕ ಈ ಬಲಗೈ
ಸ್ವಂತದ್ದೆಂದು ನನಗೇ ಅನಿಸಿರಲಿಲ್ಲ.
ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು,
ಯಾರೋ ಬಸ್ಸಿನಲ್ಲಿ ಮರೆತುಹೋದ ಕೊಡೆಯ ಹಾಗೆ.

ಹೆಸರು: ಜಲಜಾಕ್ಷಿ ಕುಲಾಲ್. ಊರು: ಬಜಾಲ್.
ಉದ್ಯೋಗ: ಬೀಡಿ.
ಪೆಟ್ಟಾದ ವಿವರ: ಕಂಕನಾಡಿಯಲ್ಲಿ ಬಸ್ಸು ಹತ್ತುತ್ತಿದ್ದೆ,
ಒಂದು ಕಾಲು ಮೆಟ್ಟಿಲಿನಲ್ಲಿ, ಇನ್ನೊಂದು ಮಾರ್ಗದಲ್ಲಿ.
ಕಂಡಕ್ಟರ್ ಕೂಗಿದ, "ರೈಟ್, ಪೋಯಿ!"
ರೈಟೇ ಹೋಯಿತು.
ಇದನ್ನು ಹೇಳಿದಾಗ ಫ್ಲಾವಿಯಾ ಬಾಯಿ ನಕ್ಕುಬಿಟ್ಟರು,
ಆಮೇಲೆ ಬಾಯಿ ಮುಚ್ಚಿಕೊಂಡರು.
ಪೆಟ್ಟಾದ ಮೇಲೆ ನಾನು ನಕ್ಕದ್ದು ಅವತ್ತೇ ಮೊದಲು.
ಅದು ಚಿಕಿತ್ಸೆಯ ಲೆಕ್ಕಕ್ಕೆ ಬರುತ್ತದೋ, ಗೊತ್ತಿಲ್ಲ.

ನಾಮನಿರ್ದೇಶಿತರ ಉತ್ಕೃಷ್ಟತೆಯನ್ನು
ನೂರು ಶಬ್ದ ಮೀರದಂತೆ ವಿವರಿಸಿ.
ಉತ್ಕೃಷ್ಟತೆ.
ಆ ಒಂದು ಶಬ್ದ ಬರೆಯುವಷ್ಟರಲ್ಲಿ ಎರಡು ಸಲ ಪೆನ್ನು ಬಿತ್ತು.
ಕೃ-ದ ಬಾಲ ತಿರುಗಿಸುವಲ್ಲಿ
ಮಣಿಕಟ್ಟು ಈಗಲೂ ಹಟ ಮಾಡುತ್ತದೆ.

ಮೊದಲು ಹಸಿರು ಮುದ್ದೆ ಹಿಚುಕಿದೆ. ಬಟ್ಟೆಯ ಕ್ಲಿಪ್ಪು ಒತ್ತಿದೆ.
ಪ್ಲಾಸ್ಟಿಕ್ ಅಳತೆಗೋಲು ಬೆರಳಿಗಿಟ್ಟು
ಮೂವತ್ತು, ಮೂವತ್ತೆರಡು, ಮತ್ತೆ ಮೂವತ್ತು
ಎಂದು ಅವರು ಬರೆದುಕೊಂಡರು.
ಒಂದು ಶನಿವಾರ ಪುಸ್ತಕ ಮುಚ್ಚಿ ಕೇಳಿದರು:
"ಬೀಡಿ ಸುರುಟುವಾಗ ನಿಮ್ಮ ಹೆಬ್ಬೆಟ್ಟು ಎಂತ ಮಾಡ್ತದೆ?"
ನನಗೆ ಉತ್ತರ ಬರಲಿಲ್ಲ.
ಮೂವತ್ತೊಂದು ವರ್ಷ ಬ್ರಾಂಚಿನವರು ಎಷ್ಟು ಎಂದು ಕೇಳಿದ್ದಾರೆ,
ಹೇಗೆ ಎಂದು ಯಾರೂ ಕೇಳಿರಲಿಲ್ಲ.
ಗೊತ್ತಿದ್ದದ್ದು ಕೈಗೆ. ಕೈ ಮಾತಾಡುತ್ತಿರಲಿಲ್ಲ.

ಮರುದಿನ ಇಗರ್ಜಿಯ ಪೂಜೆ ಮುಗಿಸಿ
ಬಜಾಲಿನ ಏರು ಹತ್ತಿ ಬಂದರು,
ಚಪ್ಪಲಿ ಹೊರಗೆ ಬಿಟ್ಟು, ಚಕ್ಕಳಮಕ್ಕಳ ಕೂತು,
ನನ್ನ ತಡ್ಪೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.
ಹೊಗೆಸೊಪ್ಪಿಗೆ ಹನ್ನೊಂದು ಸೀನು.
ಎಡಗೈ ಬೀಸಿ ಬೀಸಿ ನಾನು ಬೈದದ್ದೇ ಬೈದದ್ದು:
ಎಲೆ ಹರಿಯಿತು, ನೂಲು ಸಡಿಲ, ತುದಿ ಮಡಚಲಿಲ್ಲ, ಮಾರಾಯ್ತಿ!
ಮಧ್ಯಾಹ್ನಕ್ಕೆ ಒಂದು ಆಯಿತು,
ನಡುವೆ ಹೊಟ್ಟೆ ಬಂದ ಬೀಡಿ.
ಅವರು ಅದನ್ನು ನೋಡಲೇ ಇಲ್ಲ.
ತಮ್ಮ ಹೆಬ್ಬೆಟ್ಟಿನ ಬುಡ ಎಲ್ಲಿ ನೋಯುತ್ತಿದೆಯೆಂದು
ಒತ್ತಿ ಒತ್ತಿ ನೋಡುತ್ತಿದ್ದರು.

ಸೋಮವಾರ ಥೆರಪಿ ಕೋಣೆಯಲ್ಲಿ ಹಸಿರು ಮುದ್ದೆ ಇರಲಿಲ್ಲ.
ಹಳೆಯ ಎಕ್ಸ್‌ರೇ ಹಾಳೆಗಳನ್ನು ಬೀಡಿ ಎಲೆಯ ಅಳತೆಗೆ ಕತ್ತರಿಸಿ
ಪಕ್ಕದಲ್ಲಿ ಒಂದು ಬಟ್ಟಲು ರವೆ ಇಟ್ಟಿದ್ದರು.
ಯಾರದೋ ಮೊಣಕಾಲನ್ನು ಸುರುಟಿದೆ,
ಯಾರದೋ ಪಕ್ಕೆಲುಬು. ರವೆ ಎಲ್ಲ ನೆಲಕ್ಕೆ.
ಮೂರು ವಾರ ಕೋಣೆಯಲ್ಲಿ ಇರುವೆಗಳ ಜಾತ್ರೆ,
ಗುಡಿಸುವ ಸೀತು ನನ್ನ ಹತ್ತಿರ ಮಾತು ಬಿಟ್ಟಳು.

ಕೊರತೆಗಳೇನಾದರೂ ಇದ್ದಲ್ಲಿ:
ಉಂಟು. ಹೇಳಿದ ಹೊತ್ತಿಗೆ ಬರುವುದಿಲ್ಲ.
ನೋವಿಗೆ "ಸ್ವಲ್ಪ" ಎಂದು ಸುಳ್ಳು ಹೇಳುತ್ತಾರೆ.

ಪೂರ್ಣ ಗುಣ? ಹೌದು, ಇಲ್ಲ.
ಎರಡಕ್ಕೂ ಗೀಟು ಹಾಕಲಿಲ್ಲ.
ಮೊದಲು ದಿನಕ್ಕೆ ಎಂಟುನೂರು ಸುರುಟುತ್ತಿದ್ದೆ, ಈಗ ಮುನ್ನೂರೈವತ್ತು.
ತುಂಬಿದ ಕೊಡಪಾನ ಎತ್ತಲಾಗುವುದಿಲ್ಲ,
ಮೊಮ್ಮಗಳ ಜಡೆ ಹೆಣೆಯಬಹುದು.
ಇದಕ್ಕೆ ಒಂದು ಕಲಂ ಇದ್ದರೆ ತಿಳಿಸಿ.

ದಾಖಲೆಗಳಿದ್ದರೆ ಲಗತ್ತಿಸಿ:
ಬೀಡಿ ಒಂದು. ಸುರುಟಿದವರು ನಾಮನಿರ್ದೇಶಿತರು.
ಬ್ರಾಂಚಿನಲ್ಲಾದರೆ ಖಂಡಿತ ತಿರಸ್ಕೃತ.
ದಯವಿಟ್ಟು ಸೇದಬೇಡಿ, ವಾಪಸು ಕಳಿಸಿ.

ಕೊನೆಗೆ: ರುಜು ಅಥವಾ ಹೆಬ್ಬೆಟ್ಟು.
ಏಳನೆಯ ತನಕ ಓದಿದವಳು ನಾನು.
ಹೆಬ್ಬೆಟ್ಟು ಒತ್ತಬಾರದೆಂದೇ ಅಪ್ಪ
ಮಡಕೆ ಮಾರಿದ ದುಡ್ಡಿನಲ್ಲಿ ಸ್ಲೇಟು ತಂದಿದ್ದರು.
ಅಪ್ಪ, ಇದೊಂದು ಸಲ ಕ್ಷಮಿಸಿ.
ರುಜುವನ್ನು ಯಾರು ಬೇಕಾದರೂ ಹಾಕಬಹುದು.
ಶಾಯಿ ತಾಗಿಸಿ, ಇಗೊಳ್ಳಿ,
ಎಡದ್ದಲ್ಲ, ಬಲದ್ದು,
ಬುಡದಿಂದ ತುದಿಯ ತನಕ ಊರಿ
ಒತ್ತಿದ್ದೇನೆ.